ಕ್ಲಿಪ್‌ಲೆಸ್ ಪೆಡಲ್, ಶೂ: ಎರಡು ಬೋಲ್ಟಿಂದಾ, ಮೂರು ಬೋಲ್ಟಿಂದಾ? ತುಮಕೂರು ಕಡೆ ಓಡಿಸೋರು ಹೇಳಿ

ಶೆಟ್ಟಿಹಳ್ಳಿ ಸವಾರ
ಎಲ್ರಿಗೂ ನಮಸ್ಕಾರ. ಹೈಬ್ರಿಡ್ ಕೊಟ್ಟು ಸೆಕೆಂಡ್ ಹ್ಯಾಂಡ್ ರೋಡ್ ಬೈಕ್ ತಗೊಂಡಿದೀನಿ, ಕ್ಲಾರಿಸ್ ಗೇರು. ಈಗ ಅದರಲ್ಲಿರೋದು ಮಾಮೂಲಿ ಪ್ಲಾಸ್ಟಿಕ್ ಪೆಡಲ್. ವಾರದ ದಿನ ಬೆಳಗ್ಗೆ ರಿಂಗ್ ರೋಡಲ್ಲಿ ಒಂದು ಗಂಟೆ, ಭಾನುವಾರ ನಾಮದ ಚಿಲುಮೆ ಮೇಲೆ ದೇವರಾಯನದುರ್ಗ, ಇಲ್ಲಾಂದ್ರೆ ಕೊರಟಗೆರೆ ರೋಡು. ಏರಿನಲ್ಲಿ ನಿಂತು ತುಳಿವಾಗ ಕಾಲು ಜಾರುತ್ತೆ, ಮಳೆ ಬಂದರಂತೂ ಕೇಳಲೇಬೇಡಿ. ಕ್ಲಿಪ್‌ಲೆಸ್ (ಶೂ ಅಡಿಗೆ ಬೋಲ್ಟಲ್ಲಿ ಬಿಗಿದ ಕ್ಲೀಟು ಅನ್ನೋ ತುಂಡು ಪೆಡಲ್ಲಿಗೆ ಕಚ್ಚಿಕೊಳ್ಳೋದು) ಹಾಕ್ಕೋ ಅಂತ ಎಲ್ರೂ ಹೇಳ್ತಾರೆ, ಯಾವುದು ಅಂತ ಕೇಳಿದ್ರೆ ಒಬ್ಬೊಬ್ಬರು ಒಂದೊಂದು. ಶಿಮಾನೊದ ಎರಡು ಬೋಲ್ಟಿನ ಎಸ್‌ಪಿಡಿ, ಮೂರು ಬೋಲ್ಟಿನ ಎಸ್‌ಪಿಡಿ-ಎಸ್‌ಎಲ್, ಲುಕ್ ಕಂಪನಿಯ ಮೂರು ಬೋಲ್ಟಿನ ಕಿಯೊ… ತಲೆ ಕೆಟ್ಟಿದೆ. ಶೂ, ಪೆಡಲ್ ಎರಡೂ ಸೇರಿ ಹತ್ತು ಸಾವಿರದ ಆಸುಪಾಸು ಇಟ್ಕೊಂಡಿದೀನಿ. ಹೊಸಬನಿಗೆ ಯಾವುದು ಸರಿ?

ಪಂಕ್ಚರ್ ಪುರಾಣ
ಯಾವುದೇ ತಗೋ ಗುರು, ಸಿಗ್ನಲ್ಲಲ್ಲಿ ಬೀಳೋದು ಗ್ಯಾರಂಟಿ.

ಕಲ್ಪತರು ರೈಡರ್
ಮೇಲಿನವರ ಮಾತು ಕೇಳಿ ಹೆದರ್ಕೋಬೇಡಿ. ನೇರವಾಗಿ ಹೇಳ್ತೀನಿ: ಎರಡು ಬೋಲ್ಟಿನ ಎಸ್‌ಪಿಡಿ. ಶಿಮಾನೊ ಎಂ520 ತಗೊಳ್ಳಿ. ಎರಡೂ ಕಡೆ ಕ್ಲಿಪ್ ಇರುತ್ತೆ, ಪೆಡಲ್ ಯಾವ ಮುಖ ಮೇಲಿದೆ ಅಂತ ಬಗ್ಗಿ ನೋಡೋ ಗೋಳಿಲ್ಲ. ಕ್ಲೀಟು ಪೆಡಲ್ ಡಬ್ಬದಲ್ಲೇ ಬರುತ್ತೆ, ಬೇರೆ ಕೊಳ್ಳೋದು ಬೇಡ. ಶೂ ಡಬ್ಬದಲ್ಲಿ ಸಾಮಾನ್ಯವಾಗಿ ಕ್ಲೀಟು ಇರಲ್ಲ, ಅದನ್ನ ಹುಡುಕ್ತಾ ಕೂರಬೇಡಿ.

ಮುಖ್ಯ ವಿಷಯ ನಡೆಯೋದು. ಎಸ್‌ಪಿಡಿ ಶೂವಲ್ಲಿ ಕ್ಲೀಟು ಅಟ್ಟೆಯ ಒಳಗಡೆ ಹುದುಗಿರುತ್ತೆ, ಸುತ್ತ ರಬ್ಬರು. ದುರ್ಗದ ಏರಲ್ಲಿ ಉಸಿರು ನಿಂತರೆ ಇಳಿದು ತಳ್ಳಬಹುದು. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನೋಕೆ ಹೋದಾಗ ಗೌರವವಾಗಿ ಒಳಗೆ ಹೋಗಿ ಕೂರಬಹುದು. ಮೂರು ಬೋಲ್ಟಿಂದು ಹಾಕ್ಕೊಂಡು ಹೋಟೆಲಿನ ಒದ್ದೆ ಟೈಲ್ಸ್ ಮೇಲೆ ನಡೆಯೋರನ್ನ ನೋಡಿದೀರಾ? ಗೋಡೆ ಹಿಡ್ಕೊಂಡು ಹೋಗ್ತಾರೆ.

ಹೈವೇ 48
ರೋಡ್ ಬೈಕಿಗೆ ಎಂಟಿಬಿ ಪೆಡಲ್ ಹಾಕಿ ಅಂತೀರಲ್ಲ, ಯಾಕೆ? ಎಸ್‌ಪಿಡಿ ಶುರುವಾಗಿದ್ದೇ ಮೌಂಟನ್ ಬೈಕಿಗೆ ಅಂತ. ಮೂರು ಬೋಲ್ಟಿನ ಕ್ಲೀಟು ಅಗಲ, ಒತ್ತಡ ಇಡೀ ಮುಂಗಾಲಿಗೆ ಹರಡುತ್ತೆ. ಶೂ ಹಗುರ, ಅಟ್ಟೆ ಗಟ್ಟಿ. ನೂರು ಕಿ.ಮೀ. ದಾಟಿದ ಮೇಲೆ ಸಣ್ಣ ಕ್ಲೀಟು, ಮೆತ್ತನೆ ಅಟ್ಟೆ ಇದ್ರೆ ಪಾದದ ಅಡಿ ಉರಿ ಶುರು. ಇವತ್ತು ಎಸ್‌ಪಿಡಿ ತಗೊಂಡು ಆರು ತಿಂಗಳಿಗೆ ಎಸ್‌ಪಿಡಿ-ಎಸ್‌ಎಲ್‌ಗೆ ಬದಲಾಯಿಸೋರನ್ನ ಎಷ್ಟೋ ಜನ ನೋಡಿದೀನಿ. ಎರಡು ಸಲ ಯಾಕೆ ದುಡ್ಡು ಕಳೀಬೇಕು?

ಕಲ್ಪತರು ರೈಡರ್
@ಹೈವೇ 48 ಅಣ್ಣ, ಪಾದ ಉರಿಯೋದು ಅಟ್ಟೆ ಮೆತ್ತಗಿದ್ರೆ. ಗಟ್ಟಿ ಅಟ್ಟೆಯ ಎರಡು ಬೋಲ್ಟಿನ ಶೂನೂ ಸಿಗುತ್ತೆ. ಬ್ರೆವೆ (ಗೊತ್ತಾದ ಸಮಯದೊಳಗೆ ಮುಗಿಸೋ ದೂರದ ಸವಾರಿ) ಓಡಿಸೋರನ್ನ ನೋಡಿ, 200 ಕಿ.ಮೀ.ಗೆ 13 ಗಂಟೆ 30 ನಿಮಿಷ, 600ಕ್ಕೆ 40 ಗಂಟೆ. ಅಷ್ಟು ಹೊತ್ತು ಸೈಕಲ್ ಮೇಲಿರೋರಲ್ಲಿ ಎಷ್ಟೊಂದು ಜನ ಎಸ್‌ಪಿಡಿನೇ ಹಾಕ್ತಾರೆ. ಕಂಟ್ರೋಲಲ್ಲಿ (ದಾರಿ ಮಧ್ಯದ ತಪಾಸಣೆ ಜಾಗ) ಇಳೀಬೇಕು, ಟೀ ಅಂಗಡಿಗೆ ಹೋಗಬೇಕು, ಪಂಕ್ಚರ್ ಹಾಕ್ಕೋಬೇಕು. ಇವರು ರೇಸಿಗೆ ಹೋಗ್ತಾ ಇಲ್ಲ, ಕೊರಟಗೆರೆಗೆ ಹೋಗ್ತಾ ಇದಾರೆ.

ಗುಬ್ಬಿ ಗೇಟ್
ಹ್ಹಹ್ಹ ಕೊರಟಗೆರೆ. ಆ ರೋಡಲ್ಲಿ ರೇಸ್ ಮಾಡೋದು ಖಾಸಗಿ ಬಸ್ಸುಗಳು ಮಾತ್ರ.

ಚಪ್ಪಲಿ ಸೈಕ್ಲಿಸ್ಟ್
ನಾನೊಂದು ಮಾತು ಹೇಳಲಾ? ಯಾವುದೂ ಬೇಡ. ಒಳ್ಳೆ ಫ್ಲ್ಯಾಟ್ ಪೆಡಲ್, ಮೊಳೆ ಥರ ಪಿನ್ ಇರೋದು ತಗೊಳ್ಳಿ, ಸಪಾಟು ರಬ್ಬರ್ ಅಟ್ಟೆಯ ಶೂ ಹಾಕ್ಕೊಳ್ಳಿ. ನಿಮ್ಮ ತೊಂದರೆ ಕಾಲು ಜಾರೋದು ತಾನೆ? ಅದು ಪ್ಲಾಸ್ಟಿಕ್ ಪೆಡಲಿನ ತಪ್ಪು. ಅರ್ಧಕ್ಕರ್ಧ ದುಡ್ಡಲ್ಲಿ ಮುಗಿಯುತ್ತೆ. ನಮ್ಮಪ್ಪ ಅಟ್ಲಾಸ್ ಸೈಕಲ್ಲಲ್ಲಿ ಎರಡು ಮೂಟೆ ರಾಗಿ ಕಟ್ಕೊಂಡು ಹವಾಯಿ ಚಪ್ಪಲೀಲಿ ಹೆಬ್ಬೂರಿಂದ ತುಮಕೂರಿಗೆ ಬರ್ತಿದ್ರು.

ಹೈವೇ 48
ನಿಮ್ಮಪ್ಪನವರಿಗೆ ನಮಸ್ಕಾರ. ಆದ್ರೆ ಅವರಿಗೆ ಬೇರೆ ದಾರಿ ಇರಲಿಲ್ಲ, ನಮಗಿದೆ. ಮೇಲಕ್ಕೆ ಬರೋ ಕಾಲಲ್ಲಿ ಎಳೆಯೋ ಶಕ್ತಿ ಫ್ಲ್ಯಾಟಲ್ಲಿ ಎಲ್ಲಿಂದ ಬರುತ್ತೆ?

ಮೊಣಕಾಲು ಮಾಸ್ತರ್
ಈ "ಎಳೆಯೋ ಶಕ್ತಿ" ವಿಷಯ ಬಂತಾ, ಸರಿ. ಆರಾಮಾಗಿ ತುಳಿಯುವಾಗ ಯಾರೂ ಪೆಡಲನ್ನ ನಿಜವಾಗಿ ಮೇಲಕ್ಕೆ ಎಳೆಯಲ್ಲ. ಅನುಭವಸ್ಥರೂ ಅಷ್ಟೆ. ಮೇಲೆ ಬರೋ ಕಾಲಿನ ಭಾರ ಇನ್ನೊಂದು ಕಾಲಿಗೆ ಹೊರೆಯಾಗದ ಹಾಗೆ ಸ್ವಲ್ಪ ಹಗುರ ಮಾಡ್ಕೋತಾರೆ. ಕೆಲಸವೆಲ್ಲ ನಡೆಯೋದು ಕೆಳಕ್ಕೆ ಒತ್ತುವಾಗಲೇ. ಕ್ಲಿಪ್ಪಿನ ಲಾಭ ಬೇರೆ ಕಡೆ ಇದೆ: ಕಾಲು ಪ್ರತಿ ಸಲ ಒಂದೇ ಜಾಗಕ್ಕೆ ಕೂರುತ್ತೆ, ಜೋರಾಗಿ ತಿರುಗಿಸಿದಾಗ ಹಾರಲ್ಲ, ಗುಂಡಿ ಹಾರಿದಾಗ ಪೆಡಲ್ ಬಿಟ್ಟು ಬರಲ್ಲ, ಮಳೇಲಿ ಜಾರಲ್ಲ. ಅಷ್ಟು ಸಾಕಲ್ವಾ?

ಆದರೆ ಅದೇ ಗುಣ ಮೊಣಕಾಲಿಗೆ ಶತ್ರುನೂ ಆಗಬಹುದು. ಫ್ಲ್ಯಾಟಲ್ಲಿ ನೋವು ಬಂದ್ರೆ ಕಾಲು ತಾನಾಗೇ ಸರಿಯುತ್ತೆ. ಕ್ಲಿಪ್ಪಲ್ಲಿ ತಪ್ಪು ಕೋನಕ್ಕೆ ಬಿಗಿದರೆ ಗಂಟೆಗೆ ಐದು ಸಾವಿರ ಸುತ್ತು ಅದೇ ತಪ್ಪು ಕೋನದಲ್ಲಿ. ಹೊಸಬರು ಕ್ಲೀಟನ್ನ ಬೆರಳ ಕಡೆ ಮುಂದಕ್ಕೆ ಬಿಗಿದುಬಿಡ್ತಾರೆ, ಮೀನಖಂಡ, ಹಿಮ್ಮಡಿ ನರ ಹಿಡ್ಕೊಳ್ಳುತ್ತೆ. ಹೆಬ್ಬೆರಳ ಬುಡದಲ್ಲಿ ಉಬ್ಬಿರೋ ಮೂಳೆ ಇದೆಯಲ್ಲ, ಪೆಡಲ್ ಅಚ್ಚು ಅದರ ಕೆಳಗೆ ಅಥವಾ ಸ್ವಲ್ಪ ಹಿಂದೆ ಬರಲಿ. ಕೋನಕ್ಕೆ: ಟೇಬಲ್ ಮೇಲೆ ಕೂತು ಕಾಲು ಇಳಿಬಿಟ್ಟು ನೋಡ್ಕೊಳ್ಳಿ, ಪಾದ ತಾನಾಗಿ ಯಾವ ಕಡೆ ತಿರುಗಿರುತ್ತೋ ಅದೇ ಕೋನ ಕ್ಲೀಟಿಗೂ. ಎರಡು ಕಾಲೂ ಒಂದೇ ಥರ ಇರಬೇಕು ಅಂತೇನಿಲ್ಲ.

ಸಂಜೆ ಸವಾರಿ
ಮಾಸ್ತರ್ ಹೇಳಿದ್ದು ನಿಜ. ನನಗೆ ಬಲ ಮೊಣಕಾಲ ಹೊರಗಡೆ ಸೆಳೆತ ಇತ್ತು, ಕ್ಲೀಟ್ ಕೂದಲೆಳೆಯಷ್ಟು ತಿರುಗಿಸಿದ ಮೇಲೆ ಹೋಯ್ತು. ಸೀಟ್ ಎತ್ತರಾನೂ ಒಂದ್ಸಲ ನೋಡ್ಕೊಳ್ಳಿ. ಚಪ್ಪಲಿ ಅಟ್ಟೆಗೂ ಸೈಕ್ಲಿಂಗ್ ಶೂ ಅಟ್ಟೆಗೂ ದಪ್ಪ ಬೇರೆ, ಹಳೇ ಎತ್ತರ ಹಾಗೇ ಹೊಂದಲ್ಲ.

ಇನ್ನು ಶೂ ಬಗ್ಗೆ. ಪೆಡಲ್ ಬಗ್ಗೆ ಎಲ್ರೂ ಜಗಳ ಆಡ್ತಾರೆ, ಶೂ ಬಗ್ಗೆ ಯಾರೂ ಮಾತಾಡಲ್ಲ. ದುಡ್ಡು ಹಾಕೋದಿದ್ರೆ ಶೂಗೆ ಹಾಕಿ. ಚಪ್ಪಲಿ, ಬರಿಗಾಲು ರೂಢಿಯಾದ ನಮ್ಮ ಪಾದ ಮುಂದೆ ಅಗಲ. ಹೊರಗಿನ ಕಂಪನಿಗಳ ಶೂ ಕಿರಿದು. ಒಂದು ಸೈಜ್ ದೊಡ್ಡದು ತಗೊಂಡ್ರೆ ಸರಿಹೋಗುತ್ತೆ ಅಂತ ಅಂಗಡಿಯವರು ಹೇಳ್ತಾರೆ. ಉದ್ದ ಸರಿಹೋಗುತ್ತೆ, ಹಿಮ್ಮಡಿ ಒಳಗೆ ಕುಣಿಯುತ್ತೆ. ಅಗಲದ ಅಚ್ಚು ಬೇರೆಯೇ ಸಿಗುತ್ತೆ ಕೆಲವು ಮಾಡೆಲಲ್ಲಿ, ಅದನ್ನೇ ಕೇಳಿ. ಸಂಜೆ ಹೊತ್ತು ಪಾದ ಊದಿರುತ್ತೆ, ಆಗ ಹಾಕಿ ನೋಡಿ, ಓಡಿಸುವಾಗ ಹಾಕೋ ಕಾಲುಚೀಲಾನೇ ಹಾಕ್ಕೊಂಡು. ಬೆರಳಾಡಬೇಕು, ಹಿಮ್ಮಡಿ ಏಳಬಾರದು. ಆನ್‌ಲೈನಲ್ಲಿ ತರಿಸೋದಾದ್ರೆ ಪೇಪರ್ ಮೇಲೆ ಪಾದ ಇಟ್ಟು ಗೆರೆ ಎಳೆದು ಸೆಂಟಿಮೀಟರಲ್ಲಿ ಅಳೆದುಕೊಳ್ಳಿ. 42 ಅಂದ್ರೆ ಎಲ್ಲ ಕಂಪನೀಲೂ ಒಂದೇ 42 ಅಲ್ಲ.

ತಿಪಟೂರು ಕೊಬ್ಬರಿ
ಅಕ್ಕ, ವೆಲ್ಕ್ರೋ ಒಳ್ಳೇದಾ, ತಿರುಗಿಸೋ ಗುಂಡಿ ಇರೋದಾ?

ಸಂಜೆ ಸವಾರಿ
ವೆಲ್ಕ್ರೋ ಸಾಕಪ್ಪ. ಕೆಂಪು ಧೂಳು ಹಿಡಿದು ಒಂದೆರಡು ವರ್ಷಕ್ಕೆ ಅಂಟು ಕಡಿಮೆಯಾಗುತ್ತೆ, ಹಳೇ ಟೂತ್‌ಬ್ರಷ್ಷಲ್ಲಿ ಉಜ್ಜಿದ್ರೆ ಮತ್ತೆ ಹಿಡಿಯುತ್ತೆ. ಲೇಸಾದ್ರೆ ತುದಿ ಒಳಗೆ ಸಿಕ್ಕಿಸಿ, ಚೈನಿಗೆ ಸುತ್ತಿಕೊಂಡ್ರೆ ಕಷ್ಟ. ಗುಂಡಿಯದು ಚೆನ್ನಾಗಿರುತ್ತೆ, ಆದ್ರೆ ಆ ದುಡ್ಡಿಗೆ ಇನ್ನೊಂದು ಟೈರ್ ಬರುತ್ತೆ.

ಪಂಕ್ಚರ್ ಪುರಾಣ
ಬೀಳೋದರ ಬಗ್ಗೆ ಯಾರೂ ಹೇಳ್ತಿಲ್ವಲ್ಲ. ನಮ್ಮ ಗುಂಪಲ್ಲಿ ಒಬ್ಬರು ಭದ್ರಮ್ಮ ಸರ್ಕಲ್ ಹತ್ರ ಸಿಗ್ನಲ್ಲಲ್ಲಿ ಹಾಗೇ ನಿಧಾನಕ್ಕೆ ಮಲಗಿದ್ರು. ಪಕ್ಕದ ಆಟೋದವರು ಇಳಿದು ಬಂದು ನೀರು ಕೊಟ್ರು, ಬಿ.ಪಿ. ಇದೆಯಾ ಸಾರ್ ಅಂತ ಕೇಳಿದ್ರು.

ಕಲ್ಪತರು ರೈಡರ್
ಅದಕ್ಕೇ ಸ್ಪ್ರಿಂಗ್ ಸಡಿಲ ಇಟ್ಕೋಬೇಕು ಅನ್ನೋದು. ಪೆಡಲ್ ಹಿಂಭಾಗದಲ್ಲಿ ಸಣ್ಣ ಸ್ಕ್ರೂ ಇರುತ್ತೆ, 3 ಎಂಎಂ ಅಲನ್ ಕೀ. ಮೈನಸ್ ಕಡೆಗೆ ಪೂರ್ತಿ ತಿರುಗಿಸಿ. ಎಂ520ಯಲ್ಲಿ ಒಂದೊಂದು ಪೆಡಲಿಗೆ ಎರಡು ಸ್ಕ್ರೂ, ಒಟ್ಟು ನಾಲ್ಕು. ಜನ ಒಂದು ಮುಖ ಸಡಿಲ ಮಾಡಿ ಇನ್ನೊಂದು ಮರೀತಾರೆ, ಆಮೇಲೆ ಒಂದ್ಸಲ ಬಿಡುತ್ತೆ ಒಂದ್ಸಲ ಬಿಡಲ್ಲ ಅಂತ ಪೆಡಲ್ಲಿಗೆ ಬೈತಾರೆ. ಟಕ್ ಟಕ್ ಅಂತ ಹಲ್ಲು ಲೆಕ್ಕ ಸಿಗುತ್ತೆ, ನಾಲ್ಕಕ್ಕೂ ಒಂದೇ ಲೆಕ್ಕ ಇಡಿ.

ಬಿಡೋದು ಹಿಮ್ಮಡಿಯನ್ನ ಹೊರಗಡೆ ತಿರುಗಿಸಿ. ಗಾಬರಿಯಲ್ಲಿ ಎಲ್ರೂ ಕಾಲನ್ನ ಮೇಲಕ್ಕೆ ಎಳೀತಾರೆ, ಮಾಮೂಲಿ ಎಸ್‌ಎಚ್51 ಕ್ಲೀಟು ಹಾಗೆ ಬಿಡಲ್ಲ. ಎಸ್‌ಎಚ್56 ಅಂತ ಇನ್ನೊಂದಿದೆ, ಅದು ಜೋರಾಗಿ ಎಳೆದ್ರೂ ಬಿಡುತ್ತೆ. ಭಯ ಜಾಸ್ತಿ ಇದ್ರೆ ಅದರಿಂದ ಶುರು ಮಾಡಿ. ಪೆಡಲ್ ಅದೇ, ಕ್ಲೀಟು ಮಾತ್ರ ಬೇರೆ.

ಹೈವೇ 48
56 ಹಾಕ್ಕೊಂಡು ಏರಲ್ಲಿ ನಿಂತು ತುಳಿವಾಗ ಕಾಲು ಕಿತ್ಕೊಂಡ್ರೆ? ಅದು ಸಿಗ್ನಲ್ಲಲ್ಲಿ ಬೀಳೋದಕ್ಕಿಂತ ಅಪಾಯ. ನಾನಂತೂ ಯಾರಿಗೂ ಹೇಳಲ್ಲ.

ಕಲ್ಪತರು ರೈಡರ್
ಹೊಸಬರು ಅಷ್ಟು ಜೋರಾಗಿ ಎಲ್ಲಿ ಎಳೀತಾರೆ ಅಣ್ಣ. ಆದ್ರೂ ಒಪ್ಪಿದೆ, ರೂಢಿಯಾದ ಮೇಲೆ 51ಕ್ಕೆ ಬರೋದು ಒಳ್ಳೇದು.

ದುರ್ಗದ ಏರು
ಅಭ್ಯಾಸಕ್ಕೆ ಮೊದಲು ಮನೇಲಿ ಬಾಗಿಲ ಚೌಕಟ್ಟು ಹಿಡ್ಕೊಂಡು ಸೈಕಲ್ ಮೇಲೆ ಕೂತು ಹಾಕೋದು, ತೆಗೆಯೋದು. ಬೇಜಾರಾಗೋವರೆಗೂ ಮಾಡಿ. ಆಮೇಲೆ ಬೆಳಗ್ಗೆ ಬೇಗ ಜೂನಿಯರ್ ಕಾಲೇಜು ಮೈದಾನ. ಬಿ.ಎಚ್. ರೋಡಿಗೆ ಮೊದಲ ದಿನವೇ ಹೋಗಬೇಡಿ.

ರೋಡಲ್ಲಿ ನೆನಪಿಡೋದು: ಬ್ರೇಕ್ ಹಿಡಿಯೋಕೆ ಮುಂಚೆಯೇ ಕಾಲು ಬಿಡಿಸಿ. ಎಡಗಾಲು ಬಿಡಿಸಿದ್ರೆ ಎಡಕ್ಕೇ ವಾಲಿ. ಬೀಳೋರೆಲ್ಲ ಎಡಗಾಲು ಬಿಡಿಸಿ ಬಲಕ್ಕೆ ವಾಲಿದೋರು. ನಮ್ಮ ಹಳ್ಳಿ ರೋಡಲ್ಲಿ ಇನ್ನೊಂದು ತಾಪತ್ರಯ, ಡಾಂಬರಿನ ಅಂಚು ಮುಗಿದ ಕಡೆ ಮಣ್ಣು ಅರ್ಧ ಅಡಿ ಕೆಳಗಿರುತ್ತೆ. ಅಂಚಿಗೆ ನಿಲ್ಲಿಸಿ ಎಡಗಾಲು ಇಳಿಸಿದ್ರೆ ನೆಲ ಸಿಗೋದೇ ಇಲ್ಲ. ಸ್ವಲ್ಪ ಒಳಗೇ ನಿಲ್ಲಿಸಿ.

ಸುಗ್ಗಿಯಲ್ಲಿ ರಸ್ತೆ ಮೇಲೆ ಹುರುಳಿ, ರಾಗಿ ಹುಲ್ಲು ಹರಡಿರ್ತಾರಲ್ಲ, ಆಗ ಮುಂಚೆಯೇ ಒಂದು ಕಾಲು ಬಿಡಿಸಿಟ್ಕೊಳ್ಳಿ. ಹುರುಳಿ ಸೊಪ್ಪು ಹಿಂದಿನ ಗೇರಿಗೆ ಸುತ್ಕೊಂಡ್ರೆ ಸೈಕಲ್ ನಿಂತಲ್ಲೇ ನಿಲ್ಲುತ್ತೆ.

ಗುಬ್ಬಿ ಗೇಟ್
ನಾಯಿ ಬಂದ್ರೆ? ಕ್ಲಿಪ್ಪಲ್ಲಿ ಕಾಲು ಸಿಕ್ಕಿದ್ರೆ ಒದೆಯೋಕೂ ಆಗಲ್ಲ.

ದುರ್ಗದ ಏರು
ಒದೆಯೋದು ಯಾವಾಗಲೂ ಬೇಡ. ನಿಲ್ಲಿಸಿ ಇಳಿದು ಸೈಕಲನ್ನ ನಡುವೆ ಇಟ್ಕೊಳ್ಳಿ, ಮುಕ್ಕಾಲು ಪಾಲು ನಾಯಿಗಳು ಆಸಕ್ತಿ ಕಳ್ಕೊಳ್ತವೆ.

ಊರ್ಡಿಗೆರೆ ಎಕ್ಸ್‌ಪ್ರೆಸ್
ನಾಯಿ ಬಿಡಿ, ದುರ್ಗದ ಮೇಲೆ ಕೋತಿಗಳ ಕಥೆ ಏನು? ದೇವಸ್ಥಾನಕ್ಕೆ ಹೋಗೋಕೆ ಶೂ ಬಿಚ್ಚಿಟ್ಟು ಬಂದ್ರೆ ಆರು ಸಾವಿರದ ಶೂ ಇರುತ್ತೋ ಇಲ್ವೋ ಅಂತ ನರಸಿಂಹಸ್ವಾಮಿ ಮುಂದೆ ನಿಂತ್ರೂ ಅದೇ ಚಿಂತೆ. ಒಂದು ಬಟ್ಟೆ ಚೀಲ ಜೇಬಲ್ಲಿಟ್ಕೊಳ್ಳಿ, ಶೂ ಅದರಲ್ಲಿ ಹಾಕಿ ಹಣ್ಣುಕಾಯಿ ಅಂಗಡಿಯವರ ಹತ್ರ ಕೊಡಿ.

ತಿಪಟೂರು ಕೊಬ್ಬರಿ
ಚೀಲ ನೋಡಿದ್ರೇನೆ ಕೋತಿ ಬರೋದು ಮಾರಾಯ್ರೆ. ತಿಂಡಿ ಅಂದ್ಕೊಳ್ತವೆ.

ಊರ್ಡಿಗೆರೆ ಎಕ್ಸ್‌ಪ್ರೆಸ್
ಅದೂ ಸರಿ.

ಶೆಟ್ಟಿಹಳ್ಳಿ ಸವಾರ
ಓದಿ ಓದಿ ಎಸ್‌ಪಿಡಿ ಕಡೆಗೇ ಮನಸ್ಸು ವಾಲಿತ್ತು. ಈಗ ಹೊಸ ತಲೆನೋವು. ನಮ್ಮ ಭಾವ ಬೆಂಗಳೂರಲ್ಲಿದಾರೆ, ಅವರ ಹಳೇ ರೋಡ್ ಶೂ ಸುಮ್ನೆ ಕೊಡ್ತೀನಿ ಅಂತಿದಾರೆ. ಕೆಳಗೆ ಮೂರು ತೂತು. ಸೈಜ್ 43, ನನ್ನದು 42. ಕ್ಲೀಟು ಹಳದಿ, ತುದಿ ಸವೆದಿದೆ. ಪೆಡಲ್ ಮಾತ್ರ ಕೊಂಡ್ರೆ ದುಡ್ಡು ಉಳಿಯುತ್ತಲ್ಲ? ಇನ್ನೊಂದು, ಇಎಚ್500 ಅಂತ ಒಂದು ಕಡೆ ಫ್ಲ್ಯಾಟ್, ಒಂದು ಕಡೆ ಕ್ಲಿಪ್ ಇರೋದು ನೋಡಿದೆ, ಅದು ಹೇಗೆ?

ಹೈವೇ 48
ನೋಡಿ, ದೇವರೇ ದಾರಿ ತೋರಿಸಿದ್ದಾನೆ. ಶಿಮಾನೊ ಹಳದಿ ಕ್ಲೀಟಲ್ಲಿ 6 ಡಿಗ್ರಿ ಆಟ (ಹಿಮ್ಮಡಿ ಅತ್ತಿತ್ತ ತಿರುಗೋಷ್ಟು ಸಡಿಲ) ಇರುತ್ತೆ, ಹೊಸಬರಿಗೆ ಅದೇ ಸರಿ. ನೀಲಿ 2, ಕೆಂಪು 0, ಅವು ಬೇಡ. ಹೊಸ ಹಳದಿ ಕ್ಲೀಟು ಹಾಕಿಸಿ, ಜೊತೆಗೆ ನಡೆಯುವಾಗ ಹಾಕೋ ರಬ್ಬರ್ ಟೋಪಿ ತಗೊಳ್ಳಿ. ಆದ್ರೆ ಪೆಡಲ್ ಶಿಮಾನೊದೇ ಆಗಿರಲಿ, ಲುಕ್ ಕಿಯೊ ಪೆಡಲ್ ತಗೊಂಡು ಶಿಮಾನೊ ಕ್ಲೀಟು ಕೂರಿಸೋಕೆ ಹೋಗಬೇಡಿ. ನೋಡೋಕೆ ಒಂದೇ ಥರ, ಕೂರಲ್ಲ.

ಸಂಜೆ ಸವಾರಿ
43 ಶೂನ 42 ಕಾಲಿಗೆ ಹಾಕಿ ಅಂತಿದೀರಾ ಅಣ್ಣ? ಬಿಟ್ಟಿ ಸಿಕ್ತು ಅಂತ ಹಿಮ್ಮಡಿ ಕುಣಿಯೋ ಶೂ ಹಾಕ್ಕೊಂಡ್ರೆ ಕ್ಲೀಟು ಎಲ್ಲಿ ಬಿಗಿದ್ರೂ ಕಾಲು ಅಲ್ಲಿರಲ್ಲ. ಭಾವನವರಿಗೆ ಥ್ಯಾಂಕ್ಸ್ ಹೇಳಿ ಬಿಟ್ಬಿಡಿ. ಒಂದ್ಸಲ ಹಾಕಿ ನೋಡೋದಂತೂ ನೋಡಿ, ಆ ಕಂಪನಿಯ 43 ನಿಮಗೆ ಸರಿಯಾಗೂ ಇರಬಹುದು.

ತಿಪಟೂರು ಕೊಬ್ಬರಿ
ಅದೇ ಶೂಗೆ ಎರಡು ಬೋಲ್ಟಿನ ಕ್ಲೀಟ್ ಹಾಕೋಕೆ ಬರಲ್ವಾ? ನನ್ನ ಸ್ನೇಹಿತನ ಶೂವಲ್ಲಿ ಐದು ತೂತಿದೆ.

ಕಲ್ಪತರು ರೈಡರ್
ಕೆಲವು ಕಡಿಮೆ ಬೆಲೆಯ ರೋಡ್ ಶೂಗಳಲ್ಲಿ ಎರಡೂ ಥರ ತೂತಿರುತ್ತೆ, ಸರಿ. ಆದ್ರೆ ಅದಕ್ಕೆ ಎಸ್‌ಪಿಡಿ ಹಾಕಿದ್ರೆ ಸುತ್ತ ರಬ್ಬರಿಲ್ಲ, ಕ್ಲೀಟು ಹೊರಗೆ ಚಾಚಿರುತ್ತೆ. ಕಬ್ಬಿಣದ ಮೇಲೆ ನಡೆದ ಹಾಗೆ. ಎಸ್‌ಪಿಡಿಯ ಮುಖ್ಯ ಲಾಭವೇ ಹೋಯ್ತು.

ಇಎಚ್500 ಒಳ್ಳೆ ಪೆಡಲ್. ಚಪ್ಪಲಿ ಹಾಕ್ಕೊಂಡು ಹಾಲು ತರೋಕೂ ಆಗುತ್ತೆ, ಜೊತೆಗೆ ಬರೋ ಕ್ಲೀಟು 56. ಸಿಟಿ ಒಳಗೆ ಫ್ಲ್ಯಾಟ್ ಕಡೆ, ಊರು ದಾಟಿದ ಮೇಲೆ ಕ್ಲಿಪ್ ಕಡೆ, ಹಾಗೆ ರೂಢಿ ಮಾಡ್ಕೋಬಹುದು.

ದುರ್ಗದ ಏರು
ಒಂದು ಮುಖದ ಪೆಡಲ್ ನನಗೆ ಹಿಡಿಸಲ್ಲ. ಏರಲ್ಲಿ ನಿಲ್ಲಿಸಿ ಮತ್ತೆ ಹೊರಡುವಾಗ ಬೇಕಾದ ಮುಖ ಯಾವತ್ತೂ ಕೆಳಗೇ ಇರುತ್ತೆ. ಬಗ್ಗಿ ನೋಡ್ತಾ ಕಾಲಲ್ಲಿ ತಿರುಗಿಸ್ತಾ ಇರೋವಾಗ ಸೈಕಲ್ ಹಿಂದಕ್ಕೆ. ಎರಡು ಮುಖದ್ದೇ ತಗೊಳ್ಳಿ.

ಚಪ್ಪಲಿ ಸೈಕ್ಲಿಸ್ಟ್
ಎರಡು ಮುಖವೂ ಫ್ಲ್ಯಾಟ್ ಇರೋದು ತಗೊಂಡ್ರೆ ಈ ಸಮಸ್ಯೆನೇ ಇಲ್ಲ. ಹೇಳಿದೆ, ಯಾರೂ ಕೇಳಲ್ಲ.

ಮೊಣಕಾಲು ಮಾಸ್ತರ್
ಚಪ್ಪಲಿ ಅಣ್ಣನ ಮಾತು ಅಷ್ಟು ಸುಲಭವಾಗಿ ತಳ್ಳಿಹಾಕಬೇಡಿ. ಕ್ಲಿಪ್ ಬರೋಕೆ ಮುಂಚೆ ವೃತ್ತಿಪರ ರೇಸುಗಾರರೂ ಚರ್ಮದ ಪಟ್ಟಿ, ಕಬ್ಬಿಣದ ಪಂಜರದಲ್ಲಿ ಕಾಲು ಕಟ್ಕೊಂಡೇ ಗೆದ್ದರು. ಲುಕ್ ಕಂಪನಿ ಹಿಮದ ಸ್ಕೀ ಶೂ ಹಿಡಿಯೋ ತಂತ್ರವನ್ನ 1984ರಲ್ಲಿ ಸೈಕಲ್ಲಿಗೆ ತಂತು, 1985ರಲ್ಲಿ ಬರ್ನಾರ್ ಇನೋ ಅದೇ ಪೆಡಲಲ್ಲಿ ಟೂರ್ ದ ಫ್ರಾನ್ಸ್ ಗೆದ್ದ ಮೇಲೆ ಎಲ್ರೂ ಅದರ ಹಿಂದೆ ಬಿದ್ರು. ಶಿಮಾನೊ ಎಸ್‌ಪಿಡಿ ಬಂದಿದ್ದು 1990ರಲ್ಲಿ. ಕಾಲಿಗೆ ಯಾವುದು ಹಿತವೋ ಅದು.

ಹೈವೇ 48
ಇನೋ ಗೆದ್ದಿದ್ದು ಮೂರು ಬೋಲ್ಟಿನ ವಂಶದ್ದರಲ್ಲಿ ಅನ್ನೋದನ್ನ ದಾಖಲೆಗೆ ಬರೆದುಕೊಳ್ಳಿ.

ಗುಬ್ಬಿ ಗೇಟ್
ಅವರು ಕ್ಯಾತ್ಸಂದ್ರದಲ್ಲಿ ಇಡ್ಲಿ ತಿನ್ನೋಕೆ ಇಳಿದಿರಲಿಲ್ಲ ಅನ್ನೋದನ್ನೂ.

ಬಿ.ಎಚ್. ರೋಡ್ ಸ್ಪ್ಯಾನರ್
ಮೆಕ್ಯಾನಿಕ್ ಕಡೆಯಿಂದ ಎರಡು ಮಾತು. ಕ್ಲೀಟಿನ ಬೋಲ್ಟಿಗೆ 4 ಎಂಎಂ ಅಲನ್ ಕೀ, ಗ್ರೀಸ್ ಸವರಿ ಬಿಗೀರಿ, 5-6 ನ್ಯೂಟನ್ ಮೀಟರ್. ಮೊದಲ ಸಲ ಓಡಿಸಿ ಬಂದ ಮೇಲೆ ಮತ್ತೆ ನೋಡಿ, ಸಡಿಲಾಗಿರುತ್ತೆ. ಇದನ್ನ ಹಗುರವಾಗಿ ತಗೋಬೇಡಿ. ಎರಡರಲ್ಲಿ ಒಂದು ಬೋಲ್ಟ್ ಉದುರಿದ್ರೆ ಹಿಮ್ಮಡಿ ತಿರುಗಿಸಿದಾಗ ಶೂ ತಿರುಗುತ್ತೆ, ಕ್ಲೀಟು ಪೆಡಲ್ಲಲ್ಲೇ ಇರುತ್ತೆ, ಕಾಲು ಬರೋದೇ ಇಲ್ಲ. ಹಾಗೆ ಸಿಕ್ಕಿಕೊಂಡ್ರೆ ಶೂ ಬಿಚ್ಚಿ ಕಾಲು ಹೊರಗೆ ತೆಗೀಬೇಕು. ಮಳೆಗಾಲದಲ್ಲಿ ಕೆಮ್ಮಣ್ಣು ಕ್ಲೀಟಿನ ಸಂದಿಗೆ ತುಂಬಿದ್ರೆ ಒಂದು ಕಡ್ಡೀಲಿ ಕೆರೆದು ಆಮೇಲೆ ಹತ್ತಿ.

ಎಡಗಡೆ ಪೆಡಲಿನ ಥ್ರೆಡ್ ಉಲ್ಟಾ. ಬಿಚ್ಚೋಕೆ ಗಡಿಯಾರದ ದಿಕ್ಕಿಗೆ ತಿರುಗಿಸಬೇಕು. ಬಲಗಡೆ ಮಾಮೂಲಿ. ಮನೇಲೇ ಹಾಕ್ಕೊಳ್ಳೋರು ಎಡ ಪೆಡಲನ್ನ ಬಲಕ್ಕೆ ಹಾಕಿ ಸ್ಪ್ಯಾನರಲ್ಲಿ ಒದ್ದು ಕ್ರ್ಯಾಂಕಿನ ಥ್ರೆಡ್ ಕಿತ್ತುಕೊಂಡು ನನ್ನ ಹತ್ರ ಬರ್ತಾರೆ. ಪೆಡಲ್ ಮೇಲೆ ಎಡ, ಬಲ ಅಂತ ಗುರುತಿರುತ್ತೆ, ನೋಡಿ. ಮೊದಲ ನಾಲ್ಕೈದು ಸುತ್ತು ಕೈಯಲ್ಲೇ ಹೋಗಬೇಕು, ಹೋಗ್ತಿಲ್ಲ ಅಂದ್ರೆ ಏನೋ ತಪ್ಪಿದೆ. ಗ್ರೀಸ್ ಹಚ್ಚದೆ ಹಾಕಿದ್ರೆ ಮುಂದಿನ ಸಲ ಪೈಪ್ ಹಾಕಿ ಬಿಚ್ಚಬೇಕಾಗುತ್ತೆ.

ತಿಪಟೂರು ಕೊಬ್ಬರಿ
ಎಡಗಡೆ ಮಾತ್ರ ಯಾಕೆ ಉಲ್ಟಾ?

ಬಿ.ಎಚ್. ರೋಡ್ ಸ್ಪ್ಯಾನರ್
ತುಳೀತಾ ತುಳೀತಾ ತಾನಾಗೇ ಬಿಚ್ಚಿಕೊಳ್ಳಬಾರದು ಅಂತ. ವಿಮಾನ ಹಾರಿಸಿದ ರೈಟ್ ಸಹೋದರರು ಮೊದಲು ಸೈಕಲ್ ಅಂಗಡಿಯವರು, ಬಿಚ್ಚಿಕೊಳ್ಳದ ಎಡ ಪೆಡಲ್ ಅಂತ 1900ರಲ್ಲೇ ಅವರು ಮಾಡಿ ಮಾರ್ತಿದ್ರು.

ಪಂಕ್ಚರ್ ಪುರಾಣ
ವಿಮಾನಕ್ಕೆ ಹೋಯ್ತು ಚರ್ಚೆ.

ಶೆಟ್ಟಿಹಳ್ಳಿ ಸವಾರ
ಭಾವನ ಶೂ ಹಾಕಿ ನೋಡಿದೆ, ಎರಡು ಕಾಲುಚೀಲ ಹಾಕಿದ್ರೂ ಹಿಮ್ಮಡಿ ಮೇಲೆ ಬರ್ತಿದೆ. ಎಂ520, ವೆಲ್ಕ್ರೋ ಇರೋ ಅಗಲದ ಎರಡು ಬೋಲ್ಟಿನ ಶೂ ಅಂತ ತೀರ್ಮಾನ. @ಸ್ಪ್ಯಾನರ್ ಅಣ್ಣ, ತೆಗೆದ ಪ್ಲಾಸ್ಟಿಕ್ ಪೆಡಲ್ ಮಗಳ ಸೈಕಲ್ಲಿಗೆ ಹಾಕೋಣ ಅಂತ ನೋಡಿದೆ, ತೂತಿಗೆ ಹೋಗ್ತಾನೇ ಇಲ್ಲ. ಎಡ ಬಲ ಎರಡೂ ನೋಡಿದೆ.

ಬಿ.ಎಚ್. ರೋಡ್ ಸ್ಪ್ಯಾನರ್
ಮಗಳ ಸೈಕಲ್ ಕ್ರ್ಯಾಂಕ್ ಒಂದೇ ಕಬ್ಬಿಣ ಬಗ್ಗಿಸಿ ಮಾಡಿದ್ದಾ? ಹಾಗಿದ್ರೆ ಅದು ಅರ್ಧ ಇಂಚಿನ ತೂತು, ನಿಮ್ಮದು 9/16. ಹೋಗಲ್ಲ, ಬಲವಂತ ಮಾಡಬೇಡಿ. ಒಂದು ಫೋಟೋ ಹಾಕಿ.

ಚಪ್ಪಲಿ ಸೈಕ್ಲಿಸ್ಟ್
ಆ ಪ್ಲಾಸ್ಟಿಕ್ ಪೆಡಲ್ ಬೇಡದಿದ್ರೆ ನನಗೆ ಕೊಡಿ.